ಬೈಕ್‌ಗೆ ಮೊದಲು ಏನು ಹಾಕಿಸಲಿ? ಮಣ್ಣು ದಾರಿ ಪ್ರವಾಸಕ್ಕೆ ಹೊರಡುವವರಿಗೆ

"ಎಕ್ಸ್‌ಪಲ್ಸ್ ತಗೊಂಡಿದೀನಿ, ಮೊದಲು ಏನು ಹಾಕಿಸಲಿ?" ಇದನ್ನು ಕೇಳುವವರು ಒಬ್ಬಿಬ್ಬರಲ್ಲ. ಹಿಮಾಲಯನ್ ತಗೊಂಡವರೂ ಇದನ್ನೇ ಕೇಳುತ್ತಾರೆ. ಎರಡೂ ಡ್ಯುಯಲ್ ಸ್ಪೋರ್ಟ್ ಬೈಕ್‌ಗಳು. ಅವರು ಕೇಳುವ ಹೊತ್ತಿಗೆ ಕ್ರ್ಯಾಶ್ ಗಾರ್ಡು, ಎರಡು ಫಾಗ್ ಲೈಟು, ಹಿಂದಕ್ಕೊಂದು ಅಲ್ಯೂಮಿನಿಯಂ ಪೆಟ್ಟಿಗೆ ಎಲ್ಲ ಆಗಲೇ ಆರ್ಡರ್ ಆಗಿರುತ್ತದೆ, ಅದು ಬೇರೆ ಮಾತು. ಎಲ್ಲರಿಗೂ ಒಂದೊಂದೇ ಉತ್ತರ ಬರೆದು ಸಾಕಾಗಿ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ನನ್ನ ಉತ್ತರ ಇಷ್ಟೇ: ಮೊದಲ ಒಂದು ತಿಂಗಳು ಏನೂ ಹಾಕಿಸಬೇಡಿ. ಇರುವ ಬೈಕನ್ನೇ ಸ್ಪ್ಯಾನರ್ ಹಿಡಿದು ನಿಮ್ಮ ಮೈಗೆ ಹೊಂದಿಸಿ. ಟೈರ್ ಗಾಳಿ ಇಳಿಸಿ ಏರಿಸುವುದು ಕಲಿಯಿರಿ. ಖಾಲಿ ಮೈದಾನದಲ್ಲಿ ನಾಲ್ಕು ಸಲ ಬೀಳಿ. ಎಲ್ಲಿ ಏಟು ಬಿತ್ತು, ಏನು ಮುರಿಯಿತು ಅಂತ ನೋಡಿಕೊಂಡು ಆಮೇಲೆ ದುಡ್ಡು ಖರ್ಚು ಮಾಡಿ.

ಡ್ಯುಯಲ್ ಸ್ಪೋರ್ಟ್ ಅಂದರೆ ನಂಬರ್ ಪ್ಲೇಟ್ ಇರುವ, ಟಾರ್ ರೋಡಿನಲ್ಲೂ ಮಣ್ಣು ದಾರಿಯಲ್ಲೂ ಓಡುವ ಬೈಕ್. ಮುಂದೆ ದೊಡ್ಡ ಚಕ್ರ, ಕಡ್ಡಿ ರಿಮ್ಮು, ಉದ್ದನೆಯ ಸಸ್ಪೆನ್ಷನ್. ನಮ್ಮಲ್ಲಿ ಜಾಸ್ತಿ ಕಾಣುವುದು ಹೀರೋ ಎಕ್ಸ್‌ಪಲ್ಸ್ 200 ಮತ್ತು ರಾಯಲ್ ಎನ್‌ಫೀಲ್ಡ್ ಹಿಮಾಲಯನ್. ಎಕ್ಸ್‌ಪಲ್ಸ್ 200ರ 4ವಿ (ನಾಲ್ಕು ವಾಲ್ವ್) ಮಾದರಿಯ ತೂಕ ಸುಮಾರು 160 ಕೆ.ಜಿ., ಚಕ್ರ ಮುಂದೆ 21 ಇಂಚು, ಹಿಂದೆ 18 ಇಂಚು. ಹಿಮಾಲಯನ್ 450 ಸುಮಾರು 196 ಕೆ.ಜಿ., ಮುಂದೆ 21, ಹಿಂದೆ 17. ಹಿಮಾಲಯನ್‌ನಂಥ ಭಾರದ ಬೈಕನ್ನು ಕೆಲವರು ಅಡ್ವೆಂಚರ್ ಬೈಕ್ ಅಂತ ಬೇರೆ ಸಾಲಿಗೆ ಸೇರಿಸುತ್ತಾರೆ. ಆ ಜಗಳ ನಮಗೆ ಬೇಡ. 36 ಕೆ.ಜಿ. ವ್ಯತ್ಯಾಸ ಏನು ಅಂತ ಕೆಸರಿನಲ್ಲಿ ಮೂರನೇ ಸಲ ಬೈಕ್ ಎತ್ತುವಾಗ ನಿಮಗೇ ತಿಳಿಯುತ್ತದೆ. ಇಲ್ಲಿ ಬರೆದಿರುವುದು ಎರಡಕ್ಕೂ ನಡೆಯುತ್ತದೆ. ಮಲೆನಾಡಿನಲ್ಲೋ ಬಯಲುಸೀಮೆಯಲ್ಲೋ ಎರಡು ಮೂರು ದಿನದ ಸುತ್ತಾಟವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ.

1. ಹ್ಯಾಂಡಲ್, ಲಿವರ್, ಫುಟ್‌ರೆಸ್ಟ್

ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಆದರೂ ಮಾಡುವವರು ಕಡಿಮೆ. ಮಣ್ಣು ದಾರಿಯಲ್ಲಿ ಅರ್ಧ ಹೊತ್ತು ನೀವು ನಿಂತೇ ಓಡಿಸುತ್ತೀರಿ. ಶೋರೂಮಿನಿಂದ ಬಂದ ಬೈಕ್ ಕೂತು ಓಡಿಸುವವರಿಗೆ ಹೊಂದಿಸಿದ್ದು.

ಬೈಕನ್ನು ಮೇನ್ ಸ್ಟ್ಯಾಂಡ್ ಹಾಕಿ, ಇಲ್ಲದಿದ್ದರೆ ಗೆಳೆಯರೊಬ್ಬರಿಗೆ ಹಿಡಿದುಕೊಳ್ಳಲು ಹೇಳಿ. ಬೂಟು ಹಾಕಿಕೊಂಡು ಫುಟ್‌ರೆಸ್ಟ್ ಮೇಲೆ ನಿಲ್ಲಿ. ಮೊಣಕಾಲು ಸ್ವಲ್ಪ ಮಡಚಿರಲಿ, ಎದೆ ಸ್ವಲ್ಪ ಮುಂದಕ್ಕೆ ಬಾಗಿರಲಿ. ಈಗ ಎರಡು ಬೆರಳನ್ನು ಕ್ಲಚ್ ಮತ್ತು ಬ್ರೇಕ್ ಲಿವರ್ ಮೇಲೆ ಇಡಿ. ಮಣಿಕಟ್ಟು ಮೇಲಕ್ಕೆ ಸೊಟ್ಟಗಾಗುತ್ತಿದೆ, ಅಲ್ವಾ? ಲಿವರ್ ಕ್ಲ್ಯಾಂಪಿನ ಬೋಲ್ಟ್ ಸಡಿಲ ಮಾಡಿ ಲಿವರನ್ನು ಕೆಳಕ್ಕೆ ತಿರುಗಿಸಿ. ಮೊಣಕೈಯಿಂದ ಬೆರಳ ತುದಿವರೆಗೆ ಒಂದೇ ಗೆರೆ ಬರಬೇಕು. ಕೂತಾಗ ಸ್ವಲ್ಪ ಕೆಳಗಾಯಿತು ಅನ್ನಿಸಬಹುದು, ಎರಡು ದಿನದಲ್ಲಿ ಒಗ್ಗುತ್ತದೆ.

ಕ್ಲ್ಯಾಂಪಿನ ಬೋಲ್ಟನ್ನು ಮೈಯೆಲ್ಲ ಬಲ ಹಾಕಿ ಬಿಗಿ ಮಾಡಬೇಡಿ. ಬೈಕ್ ಬಿದ್ದಾಗ ಲಿವರ್ ಸ್ವಲ್ಪ ತಿರುಗಿಕೊಳ್ಳುವಷ್ಟು ಬಿಗಿ ಸಾಕು. ತಿರುಗದಿದ್ದರೆ ಮುರಿಯುತ್ತದೆ.

ನಿಂತಾಗ ಹ್ಯಾಂಡಲ್ ತುಂಬ ಕೆಳಗಿದೆ ಅನ್ನಿಸಿದರೆ ರೈಸರ್ ಬೇಕು. ರೈಸರ್ ಅಂದರೆ ಹ್ಯಾಂಡಲ್ ಕೆಳಗೆ ಕೂರಿಸಿ ಅದನ್ನು ಎತ್ತರಿಸುವ ಲೋಹದ ತುಂಡು. ಐದೂ ಮುಕ್ಕಾಲು ಅಡಿಗಿಂತ ಕಡಿಮೆ ಇರುವವರಿಗೆ ಸಾಮಾನ್ಯವಾಗಿ ಬೇಡ. ಹಾಕಿಸಿದರೆ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಿ. ಕ್ಲಚ್ ಕೇಬಲ್ಲೋ ಬ್ರೇಕ್ ಪೈಪೋ ಎಳೆದು ಹಿಡಿಯುತ್ತಿದ್ದರೆ ತಿರುವಿನಲ್ಲಿ ಕೈ ಕೊಡುತ್ತದೆ.

ಫುಟ್‌ರೆಸ್ಟಿನ ಮೇಲೆ ರಬ್ಬರ್ ಇದ್ದರೆ, ಬಿಚ್ಚಲು ಬರುವಂತಿದ್ದರೆ, ಬಿಚ್ಚಿಬಿಡಿ. ಒದ್ದೆ ಬೂಟಿಗೆ ರಬ್ಬರ್ ಜಾರುತ್ತದೆ, ಕೆಳಗಿನ ಲೋಹದ ಹಲ್ಲು ಹಿಡಿಯುತ್ತದೆ. ದಪ್ಪ ಬೂಟು ಹಾಕಿದರೆ ಗೇರ್ ಲಿವರ್ ಕೆಳಗೆ ಪಾದ ಹೋಗುವುದಿಲ್ಲ, ಅದನ್ನೂ ಒಂದು ಹಲ್ಲು ಮೇಲಕ್ಕೆ ಕೂರಿಸಿ.

2. ಟೈರು, ಗಾಳಿ

ಒಂದೇ ಒಂದು ಕಡೆ ದುಡ್ಡು ಹಾಕುವುದಾದರೆ ಇಲ್ಲಿ ಹಾಕಿ. ಕಂಪನಿ ಟೈರ್ ಒಣ ಮಣ್ಣಿಗೆ, ಜಲ್ಲಿ ರೋಡಿಗೆ ಸಾಕು. ಮಳೆಗಾಲದ ಮಲೆನಾಡಿನ ಕೆಸರಿಗೆ ಸಾಲದು. ದಪ್ಪ ಗುಬುಟಿನ ಟೈರನ್ನು ನಾಬಿ ಟೈರ್ ಅನ್ನುತ್ತಾರೆ. ಅದು ಕೆಸರಿನಲ್ಲಿ ಹಿಡಿಯುತ್ತದೆ, ಆದರೆ ಒದ್ದೆ ಟಾರ್ ರೋಡಿನಲ್ಲಿ ಜಾರುತ್ತದೆ, ಬೇಗ ಸವೆಯುತ್ತದೆ, ಗುಂಯ್ ಅಂತ ಸದ್ದು ಬೇರೆ. ಬೆಂಗಳೂರಿನಿಂದ ಹೊರಡುವವರಿಗೆ ದಾರಿಯಲ್ಲಿ ಮುಕ್ಕಾಲು ಪಾಲು ಟಾರೇ. ಹಾಗಾಗಿ ಮುಂದೆ ಗುಬುಟಿನ ಟೈರ್ ಹಾಕಿ, ಹಿಂದೆ ಅರ್ಧಂಬರ್ಧ ಮಾದರಿ ಹಾಕಿ ಅನ್ನುತ್ತೇನೆ. ಮುಂದಿನ ಚಕ್ರ ಜಾರಿದರೆ ನೆಲಕ್ಕೇ. ಹಿಂದಿನದು ಜಾರಿದರೆ ಬಾಲ ಅಲ್ಲಾಡುತ್ತದೆ, ಅಷ್ಟೇ.

ಗಾಳಿ ವಿಷಯ ಟೈರಿಗಿಂತ ಮುಖ್ಯ. ಟಾರ್ ರೋಡಿಗೆ ಎಷ್ಟಿರಬೇಕು ಅಂತ ಬೈಕಿನ ಮೇಲಿನ ಸ್ಟಿಕ್ಕರ್‌ನಲ್ಲೋ ಪುಸ್ತಕದಲ್ಲೋ ಇರುತ್ತದೆ, ಅದನ್ನೇ ಪಾಲಿಸಿ. ಮಣ್ಣಿಗೆ ಇಳಿಯುವ ಜಾಗದಲ್ಲಿ ನಿಲ್ಲಿಸಿ ಗಾಳಿ ಇಳಿಸಿ. ಟ್ಯೂಬ್ ಟೈರಿಗೆ ನಾನು ಮುಂದೆ 20, ಹಿಂದೆ 22 ಪಿ.ಎಸ್.ಐ. ಆಸುಪಾಸಿನಲ್ಲಿ ಶುರು ಮಾಡುತ್ತೇನೆ. ಲಗೇಜ್ ಜಾಸ್ತಿ ಇದ್ದರೆ, ಚೂಪು ಕಲ್ಲಿನ ದಾರಿಯಾದರೆ ಎರಡು ಮೂರು ಜಾಸ್ತಿ. ಗಾಳಿ ಇಳಿಸಿದರೆ ಟೈರ್ ಚಪ್ಪಟೆಯಾಗಿ ನೆಲವನ್ನು ಅಗಲವಾಗಿ ಹಿಡಿಯುತ್ತದೆ, ಸಣ್ಣ ಕಲ್ಲನ್ನು ತಾನೇ ನುಂಗುತ್ತದೆ.

ಎಡವಟ್ಟು ಆಗುವುದು ಎರಡು ಕಡೆ. ಒಂದು, ತುಂಬ ಇಳಿಸುವುದು. 15ಕ್ಕೆ ಇಳಿಸಿ ಕಲ್ಲಿಗೆ ಹೊಡೆದರೆ ರಿಮ್ಮಿಗೂ ಕಲ್ಲಿಗೂ ನಡುವೆ ಟ್ಯೂಬ್ ಸಿಕ್ಕಿ ಪಕ್ಕಪಕ್ಕ ಎರಡು ತೂತಾಗುತ್ತದೆ. ಹಾವು ಕಚ್ಚಿದ ಗುರುತಿನ ಹಾಗೆ ಇರುತ್ತದೆ. ಜೊತೆಗೆ ರಿಮ್ಮಿನ ಮೇಲೆ ಟೈರ್ ಜಾರಿ ಟ್ಯೂಬಿನ ವಾಲ್ವ್ ಕಿತ್ತು ಬರಬಹುದು, ಅದಕ್ಕೆ ಪ್ಯಾಚ್ ಹಾಕಲು ಬರುವುದಿಲ್ಲ. ಇದನ್ನು ತಿಳಿಯಲು ಒಂದು ಉಪಾಯವಿದೆ: ವಾಲ್ವ್ ನಟ್ಟನ್ನು ರಿಮ್ಮಿಗೆ ಬಿಗಿಯದೆ ಮೇಲಕ್ಕೆ, ಕ್ಯಾಪಿಗೆ ತಾಗುವಂತೆ ತಿರುಗಿಸಿಡಿ. ಟೈರ್ ಜಾರುತ್ತಿದ್ದರೆ ವಾಲ್ವ್ ಓರೆಯಾಗಿ ಕಾಣುತ್ತದೆ. ಎರಡು, ವಾಪಸ್ ಟಾರ್ ರೋಡಿಗೆ ಬಂದ ಮೇಲೆ ಗಾಳಿ ತುಂಬಿಸದೆ ಹೆದ್ದಾರಿಯಲ್ಲಿ 80ರಲ್ಲಿ ಓಡಿಸುವುದು. ಟೈರ್ ಬಿಸಿಯೇರುತ್ತದೆ, ತಿರುವಿನಲ್ಲಿ ಬೈಕ್ ತೇಲುತ್ತದೆ. ಅದಕ್ಕೆ ಸಣ್ಣ ಪಂಪು, ಒಂದು ಒಳ್ಳೆಯ ಗೇಜು ಬ್ಯಾಗಿನಲ್ಲಿ ಇರಲೇಬೇಕು. ಬಂಕಿನ ಗೇಜುಗಳು ಒಂದೊಂದು ಕಡೆ ಒಂದೊಂದು ಹೇಳುತ್ತವೆ.

3. ಟ್ಯೂಬ್ ಬದಲಿಸುವುದನ್ನು ಮನೆಯಲ್ಲೇ ಕಲಿಯಿರಿ

ಇದು ಬೇಜಾರಿನ ಕೆಲಸ. ಆದರೆ ಪಂಕ್ಚರ್ ಅಂಗಡಿ ಹತ್ತು ಕಿಲೋಮೀಟರ್ ಆಚೆ ಇದ್ದಾಗ, ಅದೂ ಭಾನುವಾರ ಮುಚ್ಚಿದ್ದಾಗ, ಇದೊಂದೇ ದಾರಿ. 21 ಇಂಚಿನ ಟ್ಯೂಬ್ ಹಳ್ಳಿ ಅಂಗಡಿಯಲ್ಲಿ ಸಿಗುವುದು ಅಪರೂಪ. ನೀವೇ ಒಂದು ಒಯ್ಯಿರಿ. ಎರಡು ಒಯ್ಯಲು ಜಾಗವಿಲ್ಲದಿದ್ದರೆ ಮುಂದಿನದನ್ನೇ ಒಯ್ಯಿರಿ. ಆಪತ್ತಿಗೆ 21ರ ಟ್ಯೂಬನ್ನು ಹಿಂದಿನ ಟೈರಿಗೂ ತುರುಕಿ ಊರು ಸೇರಬಹುದು. ಹಿಂದಿನ ಟ್ಯೂಬ್ ಮುಂದಕ್ಕೆ ಹಾಗೆ ಆಗುವುದಿಲ್ಲ.

ಕ್ರಮ ಹೀಗೆ:

ಅ) ಬೈಕನ್ನು ಸ್ಟ್ಯಾಂಡ್ ಮೇಲೋ ಎಂಜಿನ್ ಕೆಳಗೆ ಕಲ್ಲು ಕೊಟ್ಟೋ ನಿಲ್ಲಿಸಿ ಚಕ್ರ ಬಿಚ್ಚಿ. ಬಿಚ್ಚಿದ ನಟ್ಟು, ಬುಶ್ ಎಲ್ಲವನ್ನೂ ಜಾಕೆಟ್ ಹಾಸಿ ಅದರ ಮೇಲೆ ಬಿಚ್ಚಿದ ಕ್ರಮದಲ್ಲೇ ಇಡಿ. ಹುಲ್ಲಿನಲ್ಲಿ ಬಿದ್ದ ಬುಶ್ ಸಿಗುವುದಿಲ್ಲ.

ಆ) ಪೂರ್ತಿ ಗಾಳಿ ತೆಗೆದು ಟೈರಿನ ಅಂಚನ್ನು ಸುತ್ತಲೂ ತುಳಿದು ರಿಮ್ಮಿನಿಂದ ಬಿಡಿಸಿ.

ಇ) ಇಲ್ಲೇ ಎಲ್ಲರೂ ಸೋಲುವುದು. ರಿಮ್ಮಿನ ನಡುವೆ ಒಂದು ತಗ್ಗು ಇರುತ್ತದೆ. ನೀವು ಟೈರ್ ಲಿವರ್ (ಟೈರ್ ಎಬ್ಬಿಸುವ ಕಬ್ಬಿಣದ ಪಟ್ಟಿ) ಹಾಕುವ ಜಾಗದ ಎದುರು ಬದಿಯ ಟೈರ್ ಅಂಚು ಆ ತಗ್ಗಿನೊಳಗೆ ಕೂತಿರಬೇಕು. ಮಂಡಿಯೂರಿ ಒತ್ತಿ ಕೂರಿಸಿ. ಹಾಗೆ ಮಾಡಿದರೆ ಲಿವರ್ ಬೆಣ್ಣೆಯ ಹಾಗೆ ಏಳುತ್ತದೆ. ಮಾಡದಿದ್ದರೆ ಇಬ್ಬರು ಗಂಡಾಳು ಸೇರಿದರೂ ಏಳುವುದಿಲ್ಲ. ಭೀಮಬಲ ಬೇಕಾಗುತ್ತಿದೆ ಅಂದರೆ ಏನೋ ತಪ್ಪಾಗಿದೆ ಅಂತ ಅರ್ಥ, ನಿಲ್ಲಿಸಿ ನೋಡಿ.

ಈ) ಹಳೇ ಟ್ಯೂಬ್ ತೆಗೆದ ಮೇಲೆ ಟೈರಿನ ಒಳಗೆ ಬೆರಳಾಡಿಸಿ ಮುಳ್ಳು ಹುಡುಕಿ, ಮೆಲ್ಲಗೆ. ಚಿತ್ರದುರ್ಗ, ಬಳ್ಳಾರಿ ಕಡೆ ಜಾಲಿ ಮುಳ್ಳು ಹೊರಗಿನಿಂದ ಕಾಣುವುದೇ ಇಲ್ಲ, ಒಳಗೆ ಮುರಿದು ಕೂತಿರುತ್ತದೆ. ಅದನ್ನು ಬಿಟ್ಟು ಹೊಸ ಟ್ಯೂಬ್ ಹಾಕಿದರೆ ಹತ್ತೇ ನಿಮಿಷ.

ಉ) ಹೊಸ ಟ್ಯೂಬಿಗೆ ಆಕಾರ ಬರುವಷ್ಟು ಗಾಳಿ ಕೊಟ್ಟು ಒಳಗೆ ಕೂರಿಸಿ. ಸುಕ್ಕಿಲ್ಲ ಅಂತ ನೋಡಿ. ಕೊನೆಯ ಅಂಚನ್ನು ವಾಲ್ವ್ ಹತ್ತಿರ ಮುಗಿಸಿ. ಲಿವರ್ ತುದಿ ತುಂಬ ಒಳಕ್ಕೆ ಹೋದರೆ ಹೊಸ ಟ್ಯೂಬನ್ನೇ ಕಚ್ಚುತ್ತದೆ. ನಾನೇ ಎರಡು ಟ್ಯೂಬ್ ಹಾಳು ಮಾಡಿ ಇದನ್ನು ಕಲಿತದ್ದು.

ಮನೆ ಅಂಗಳದಲ್ಲಿ ಮೊದಲ ಸಲ ಎರಡು ಗಂಟೆ ಹಿಡಿಯುತ್ತದೆ. ಮೂರನೇ ಸಲಕ್ಕೆ ನಲವತ್ತು ನಿಮಿಷಕ್ಕೆ ಬರುತ್ತೀರಿ.

4. ಹಿಂದಿನ ಶಾಕ್ ಹೊಂದಿಸುವುದು

ಪ್ರೀಲೋಡ್ ಅಂದರೆ ಶಾಕ್ ಸ್ಪ್ರಿಂಗನ್ನು ಮೊದಲೇ ಎಷ್ಟು ಒತ್ತಿಟ್ಟಿದ್ದೇವೆ ಅನ್ನುವುದು. ಸ್ಯಾಗ್ ಅಂದರೆ ನೀವು ಲಗೇಜ್ ಸಮೇತ ಕೂತಾಗ ಬೈಕ್ ಎಷ್ಟು ತಗ್ಗುತ್ತದೆ ಅನ್ನುವುದು. ಹಿಂದಿನ ಚಕ್ರ ಒಟ್ಟು ಎಷ್ಟು ಮೇಲೆ ಕೆಳಗೆ ಆಡುತ್ತದೋ ಅದರ ಮೂರನೇ ಒಂದು ಭಾಗದ ಹತ್ತಿರ ತಗ್ಗಬೇಕು. ಎಕ್ಸ್‌ಪಲ್ಸ್ 200ರಲ್ಲಿ ಹಿಂದೆ 170 ಮಿ.ಮೀ. ಆಟ ಇದೆ, ಅಂದರೆ 50ರಿಂದ 55 ಮಿ.ಮೀ. ತಗ್ಗಿದರೆ ಸರಿ.

ಅಳೆಯುವುದು ಸುಲಭ. ಹಿಂದಿನ ಚಕ್ರ ನೆಲ ಬಿಟ್ಟು ಎದ್ದಿರುವಾಗ ಆಕ್ಸಲ್‌ನಿಂದ ನೇರ ಮೇಲಕ್ಕೆ ಸೀಟಿನ ಪಕ್ಕ ಒಂದು ಗುರುತಿನವರೆಗೆ ಟೇಪಿನಲ್ಲಿ ಅಳೆದು ಬರೆದುಕೊಳ್ಳಿ. ಆಮೇಲೆ ಬೈಕ್ ಇಳಿಸಿ, ಲಗೇಜ್ ಕಟ್ಟಿ, ಹೆಲ್ಮೆಟ್ ಬೂಟು ಸಮೇತ ಕೂತು, ಅದೇ ಎರಡು ಜಾಗದ ನಡುವೆ ಇನ್ನೊಬ್ಬರ ಕೈಲಿ ಅಳೆಸಿ. ಎರಡರ ವ್ಯತ್ಯಾಸವೇ ಸ್ಯಾಗ್. ಜಾಸ್ತಿ ತಗ್ಗಿದರೆ ಪ್ರೀಲೋಡ್ ಏರಿಸಿ, ಕಡಿಮೆಯಾದರೆ ಇಳಿಸಿ. ಪೂರ್ತಿ ಏರಿಸಿದರೂ ತಗ್ಗುತ್ತಿದ್ದರೆ ಸ್ಪ್ರಿಂಗ್ ನಿಮ್ಮ ತೂಕಕ್ಕೆ ಸಾಲದು. ಸ್ಪ್ರಿಂಗ್ ಬದಲಿಸುವ ಮೊದಲು ಲಗೇಜ್ ಕಡಿಮೆ ಮಾಡಿ ನೋಡಿ!

ಚೈನನ್ನು ಇದಾದ ಮೇಲೆ ನೋಡಿ. ಭಾರ ಕೂತಾಗ ಚೈನ್ ಇನ್ನಷ್ಟು ಬಿಗಿಯಾಗುತ್ತದೆ. "ಸ್ವಲ್ಪ ಟೈಟ್ ಮಾಡ್ಕೊಡಿ" ಅಂತ ಮೆಕ್ಯಾನಿಕ್‌ಗೆ ಹೇಳಿ ಗಿಟಾರ್ ತಂತಿ ಮಾಡಿಸಿಕೊಂಡು ಬರುವವರು ಬೇಕಾದಷ್ಟಿದ್ದಾರೆ. ಪುಸ್ತಕದಲ್ಲಿ ಹೇಳಿದಷ್ಟು ಸಡಿಲ ಇರಲೇಬೇಕು.

5. ಬೈಕಿನ ರಕ್ಷಣೆ, ನಿಮ್ಮ ರಕ್ಷಣೆ

ಬೈಕಿಗೆ ಬೇಕಾದದ್ದು ಎರಡೇ. ಎಂಜಿನ್ ತಳಕ್ಕೆ ಗಟ್ಟಿ ಪ್ಲೇಟು, ಇದನ್ನು ಬ್ಯಾಶ್ ಪ್ಲೇಟ್ ಅನ್ನುತ್ತಾರೆ. ಇನ್ನೊಂದು ಹ್ಯಾಂಡ್ ಗಾರ್ಡ್, ಅದರೊಳಗೆ ಲೋಹದ ಸರಳು ಇರುವಂಥದ್ದು. ಬರೀ ಪ್ಲಾಸ್ಟಿಕ್ಕಿನದು ಗಾಳಿ, ಕೊಂಬೆ ತಡೆಯುತ್ತದೆ, ಬಿದ್ದಾಗ ಲಿವರ್ ಉಳಿಸುವುದಿಲ್ಲ. ದೊಡ್ಡ ಕ್ರ್ಯಾಶ್ ಗಾರ್ಡ್ ಬೇಕಾ ಅಂತ ಕೇಳುತ್ತೀರಿ. ಟ್ಯಾಂಕು, ರೇಡಿಯೇಟರ್ ಉಳಿಸುವ ಅಳತೆಯದ್ದಾದರೆ ಸರಿ. ಮಾರುದ್ದ ಹೊರಗೆ ಚಾಚಿದ್ದು ಗಾಡಿ ಜಾಡಿನ ಅಂಚಿಗೆ ತಗುಲಿ ಬೀಳಿಸುತ್ತದೆ. ಸೈಲೆನ್ಸರ್ ಬದಲಿಸುವುದು ಬೇಡವೇ ಬೇಡ. ಪೊಲೀಸರ ದಂಡ ಒಂದು ಕಡೆ, ಹಳ್ಳಿಯೊಳಗೆ ಹೋಗುವಾಗ ನಾಯಿ, ದನ, ಮಗು ಎಲ್ಲ ಬೆದರುವುದು ಇನ್ನೊಂದು ಕಡೆ.

ಮೈಗೆ ಹೆಲ್ಮೆಟ್, ಮೊಣಕಾಲು ಮೊಣಕೈ ಗಾರ್ಡ್, ಗ್ಲೌಸ್, ಬೂಟು. ಇದರಲ್ಲಿ ಬೂಟಿಗೆ ಜಾಸ್ತಿ ಖರ್ಚು ಮಾಡಿ. ಮಣ್ಣಿನಲ್ಲಿ ನಿಧಾನಕ್ಕೇ ಬೀಳುತ್ತೀರಿ, ಆದರೆ ಬೈಕ್ ಪಾದದ ಮೇಲೆ ಬೀಳುತ್ತದೆ. ಓಡುವ ಶೂ, ಗಮ್ ಬೂಟು ಎರಡೂ ಪಾದ ಉಳಿಸುವುದಿಲ್ಲ.

6. ಲಗೇಜ್

ಪೆಟ್ಟಿಗೆ ಬೇಡ, ಮೆತ್ತನೆಯ ಬ್ಯಾಗ್ ಸಾಕು. ಬಿದ್ದಾಗ ಲೋಹದ ಪೆಟ್ಟಿಗೆ ಕಾಲಿನ ಮೇಲೆ ಕೂರುತ್ತದೆ. ಭಾರದ್ದೆಲ್ಲ ಕೆಳಗೆ, ನಿಮ್ಮ ಮೈಗೆ ಹತ್ತಿರ. ಹಗುರದ್ದು ಮೇಲೆ, ಹಿಂದೆ. ಟೂಲ್ಸ್ ಕಟ್ಟನ್ನು ತೀರ ಹಿಂದಿನ ರ‍್ಯಾಕ್ ಮೇಲೆ ಕಟ್ಟಿದರೆ ಮುಂದಿನ ಚಕ್ರ ಹಗುರವಾಗಿ ಏರಿನಲ್ಲಿ ಎಲ್ಲೆಲ್ಲೋ ಹೋಗುತ್ತದೆ. ಎರಡು ಮೂರು ದಿನಕ್ಕೆ ಎಲ್ಲ ಸೇರಿ 12 ಕೆ.ಜಿ. ದಾಟಬಾರದು. ಮನೆಯ ತಕ್ಕಡಿಯಲ್ಲಿ ತೂಗಿ ನೋಡಿ, ಆಶ್ಚರ್ಯ ಪಡುತ್ತೀರಿ.

ಟೂಲ್ಸ್: ಎರಡೂ ಆಕ್ಸಲ್ ನಟ್ಟಿಗೆ ಸರಿಯಾದ ಸ್ಪ್ಯಾನರ್, ಅಲೆನ್ ಕೀ, ಪ್ಲಗ್ ಸ್ಪ್ಯಾನರ್, ಮೂರು ಟೈರ್ ಲಿವರ್, ಪಂಪು, ಟ್ಯೂಬು, ಪ್ಯಾಚು, ಒಂದು ಬಿಡಿ ಕ್ಲಚ್ ಕೇಬಲ್, ಒಂದು ಕ್ಲಚ್ ಲಿವರ್, ತುಂಡಾದ ಚೈನ್ ಜೋಡಿಸಲು ನಿಮ್ಮ ಚೈನಿನ ಅಳತೆಯ ಲಾಕ್, ಕಟ್ಟುವ ತಂತಿ, ಕೇಬಲ್ ಟೈ, ಎಂ-ಸೀಲ್. ಎಂ-ಸೀಲ್ ನಗಬೇಡಿ, ಎಂಜಿನ್ ಕೇಸಿಗೆ ಕಲ್ಲು ತಾಗಿ ಆಯಿಲ್ ಒಸರಿದಾಗ ಜಾಗ ಒರೆಸಿ ಮೆತ್ತಿದರೆ ಊರು ಮುಟ್ಟಿಸುತ್ತದೆ.

ಬೆಲ್ಟಿನ ಬಾಲ ಜೋತಾಡುವಂತೆ ಬಿಡಬೇಡಿ. ಚೈನಿಗೋ ಕಡ್ಡಿಗೋ ಸುತ್ತಿದರೆ ಚಕ್ರವೇ ಲಾಕ್. ಎಕ್ಸ್‌ಪಲ್ಸ್‌ನಲ್ಲಿ ಸೈಲೆನ್ಸರ್ ಬಲಕ್ಕೆ ಮೇಲೆ ಇದೆ, ಆ ಬದಿಯ ಬ್ಯಾಗಿಗೆ ನಡುವೆ ಶೀಲ್ಡ್ ಇಲ್ಲದಿದ್ದರೆ ಸುಟ್ಟು ತೂತಾಗುತ್ತದೆ.

7. ಮೈದಾನದಲ್ಲಿ ಎರಡು ಭಾನುವಾರ

ಇದನ್ನು ಬಿಟ್ಟು ನೇರ ಘಾಟಿಗೆ ಹೋಗಬೇಡಿ. ಊರಾಚೆ ಖಾಲಿ ಮೈದಾನ, ಒಣಗಿದ ಕೆರೆ ಅಂಗಳ ಯಾವುದಾದರೂ ಆದೀತು, ಊರವರನ್ನು ಒಂದು ಮಾತು ಕೇಳಿ.

ಮೊದಲು ನಿಲ್ಲುವುದು. ಪಾದದ ನಡುಭಾಗ ಫುಟ್‌ರೆಸ್ಟ್ ಮೇಲೆ, ಮೊಣಕಾಲು ಟ್ಯಾಂಕಿಗೆ ಒತ್ತಿ, ಮೊಣಕೈ ಹೊರಕ್ಕೆ. ಹ್ಯಾಂಡಲನ್ನು ಹಾಲಿನ ಲೋಟ ಹಿಡಿದಷ್ಟೇ ಮೆಲ್ಲಗೆ ಹಿಡಿಯಿರಿ. ಭಾರವೆಲ್ಲ ಕಾಲಿನ ಮೇಲೆ. ಕೈ ಬಿಗಿಯಾದರೆ ಮುಂದಿನ ಚಕ್ರದ ಪ್ರತಿ ಕುಲುಕೂ ಭುಜಕ್ಕೆ ಬರುತ್ತದೆ, ಅರ್ಧ ಗಂಟೆಯಲ್ಲಿ ತೋಳು ಕಲ್ಲಾಗುತ್ತದೆ.

ಆಮೇಲೆ ನಿಧಾನ. ಫಸ್ಟ್ ಗೇರಿನಲ್ಲಿ, ಒಂದು ಬೆರಳೋ ಎರಡು ಬೆರಳೋ ಕ್ಲಚ್ ಮೇಲೆ, ನಡೆಯುವ ವೇಗದಲ್ಲಿ ಎಂಟರ ಆಕಾರ ಹಾಕಿ. ತಿರುವಿನಲ್ಲಿ ಬೈಕನ್ನು ಒಳಕ್ಕೆ ವಾಲಿಸಿ, ನಿಮ್ಮ ಮೈಯನ್ನು ಹೊರಗಿನ ಫುಟ್‌ರೆಸ್ಟ್ ಮೇಲೆ ಹಾಕಿ. ಟಾರ್ ರೋಡಿನಲ್ಲಿ ಮಾಡುವುದಕ್ಕೆ ಇದು ಪೂರ್ತಿ ಉಲ್ಟಾ.

ಮೂರನೆಯದು ಬ್ರೇಕ್. ಎಬಿಎಸ್ ಅಂದರೆ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ. ಸಡಿಲ ಮಣ್ಣಿನ ಇಳಿಜಾರಿನಲ್ಲಿ ಅದು ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿದು ಬೈಕ್ ನಿಲ್ಲುವುದೇ ಇಲ್ಲ ಅನ್ನಿಸುತ್ತದೆ. 2023ರಿಂದ ಬಂದ ಎಕ್ಸ್‌ಪಲ್ಸ್ 4ವಿಯಲ್ಲಿ ರೋಡ್, ಆಫ್-ರೋಡ್, ರ‍್ಯಾಲಿ ಅಂತ ಎಬಿಎಸ್‌ಗೆ ಮೂರು ಮೋಡ್ ಇದೆ. ಹಿಮಾಲಯನ್ 450ರಲ್ಲಿ ಹಿಂದಿನ ಚಕ್ರದ ಎಬಿಎಸ್ ಆಫ್ ಮಾಡಬಹುದು. ಹಲವು ಬೈಕ್‌ಗಳಲ್ಲಿ ಕೀ ಆಫ್ ಮಾಡಿ ಆನ್ ಮಾಡಿದರೆ ಎಬಿಎಸ್ ತಾನೇ ವಾಪಸ್ ಬರುತ್ತದೆ, ಟೀ ಕುಡಿದು ಹೊರಟ ಮೇಲೆ ನೋಡಿಕೊಳ್ಳಿ. ಹಿಂದಿನ ಬ್ರೇಕ್ ಒತ್ತಿ ಬಾಲ ಜಾರಿಸುವುದನ್ನು ಹತ್ತು ಸಲ ಮಾಡಿ, ಹೆದರಿಕೆ ಹೋಗುತ್ತದೆ. ಮುಂದಿನ ಬ್ರೇಕನ್ನು ಮಣ್ಣಿನಲ್ಲಿ ಮುಟ್ಟಲೇಬಾರದು ಅನ್ನುವವರ ಮಾತು ಕೇಳಬೇಡಿ. ಒಂದೇ ಬೆರಳಿನಲ್ಲಿ, ಹ್ಯಾಂಡಲ್ ನೇರ ಇರುವಾಗ, ಮೆಲ್ಲಗೆ ಹಿಡಿಯಿರಿ.

ಯಾರಾದರೂ ಕಲಿಸಿದರೆ ಬೇಗ ಬರುತ್ತದೆ. 2015ರಲ್ಲಿ ಹಲವು ದಿನಗಳ ಕಠಿಣ ರೇಸಾದ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ, ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್, ಕೋಲಾರದ ಕಡೆ ಬಿಗ್ ರಾಕ್ ಡರ್ಟ್ ಪಾರ್ಕ್ ಅಂತ ತರಬೇತಿ ಜಾಗ ಕಟ್ಟಿದ್ದಾರೆ. ಫಾಗ್ ಲೈಟಿಗೆ ಹಾಕುವ ದುಡ್ಡನ್ನು ಅಂಥ ಒಂದು ತರಬೇತಿಗೆ ಹಾಕಿ.

8. ದಾರಿಯಲ್ಲಿ

ಏರು: ಕೆಳಗೇ ನಿಂತು ಮೇಲಿನವರೆಗೆ ಗೆರೆ ನೋಡಿಕೊಳ್ಳಿ. ಕೆಳಗೇ ಗೇರ್ ಆರಿಸಿ, ಹೆಚ್ಚಾಗಿ ಸೆಕೆಂಡ್. ಎದೆ ಮುಂದಕ್ಕೆ, ಆಕ್ಸಿಲರೇಟರ್ ಒಂದೇ ಸಮ. ಅರ್ಧದಲ್ಲಿ ನಿಂತುಹೋದರೆ ಕ್ಲಚ್ ಹಿಡಿಯಬೇಡಿ. ಕ್ಲಚ್ ಹಿಡಿದರೆ ಬೈಕ್ ಹಿಂದಕ್ಕೆ ಜಾರುತ್ತದೆ, ಮುಂದಿನ ಬ್ರೇಕ್ ಒಂದೇ ತಡೆಯುವುದಿಲ್ಲ. ಗೇರಿನಲ್ಲೇ ಎಂಜಿನ್ ಆಫ್ ಆಗಲಿ, ಹಿಂದಿನ ಚಕ್ರ ಹಿಡಿದುಕೊಳ್ಳುತ್ತದೆ. ಎತ್ತರದ ಬದಿಗೆ ಇಳಿಯಿರಿ. ಕ್ಲಚ್ಚನ್ನು ಚೂರುಚೂರೇ ಬಿಟ್ಟು ಹಿಡಿದು, ಬೈಕನ್ನು ಅಡ್ಡಕ್ಕೆ ತಿರುಗಿಸಿ ಕೆಳಗಿಳಿಸಿ, ಮತ್ತೆ ಪ್ರಯತ್ನಿಸಿ.

ಇಳಿಜಾರು: ಫಸ್ಟೋ ಸೆಕೆಂಡೋ, ಕ್ಲಚ್ ಬಿಟ್ಟು. ಎಂಜಿನ್ನೇ ಬ್ರೇಕ್. ನ್ಯೂಟ್ರಲ್ ಹಾಕಿ ಪೆಟ್ರೋಲ್ ಉಳಿಸುವ ಚಾಳಿ ಇದ್ದರೆ ಮನೆಯಲ್ಲೇ ಬಿಟ್ಟು ಬನ್ನಿ.

ಕೆಸರು: ಮಣ್ಣು ನೋಡಿ ಓಡಿಸುವುದು ಇಲ್ಲೇ. ಮಲೆನಾಡಿನ ಕೆಮ್ಮಣ್ಣು ಮೇಲೆ ಸಾಬೂನಿನ ಹಾಗೆ ಜಾರಿದರೂ ಕೆಳಗೆ ಗಟ್ಟಿ ಇರುತ್ತದೆ, ನಿಧಾನಕ್ಕೆ ಒಂದೇ ಸಮ ಹೋದರೆ ದಾಟಿಸುತ್ತದೆ. ಟ್ರ್ಯಾಕ್ಟರ್ ಜಾಡಿಗೆ ಇಳಿದರೆ ಜಾಡಿನಲ್ಲೇ ಇರಿ, ಕಣ್ಣು ದೂರಕ್ಕೆ. ಚಕ್ರದ ಮುಂದೆಯೇ ನೋಡಿದರೆ ಗೋಡೆಗೆ ಹತ್ತುತ್ತೀರಿ. ಗದಗ, ವಿಜಯಪುರದ ಎರೆ ಮಣ್ಣು ಬೇರೆಯದೇ ಕಥೆ. ಒಣಗಿದ್ದಾಗ ಸಿಮೆಂಟಿನ ಹಾಗೆ, ಮಳೆ ಬಿದ್ದು ಅರ್ಧ ಗಂಟೆಗೆ ಹಿಟ್ಟಿನ ಮುದ್ದೆ. ಚಕ್ರಕ್ಕೆ ಸುತ್ತಿಕೊಂಡು ಮಡ್‌ಗಾರ್ಡ್ ಒಳಗೆ ಗಟ್ಟಿಯಾಗಿ ಚಕ್ರವೇ ತಿರುಗುವುದಿಲ್ಲ. ಯಾವ ಟೈರೂ, ಯಾವ ಚಾಲಾಕಿಯೂ ಅಲ್ಲಿ ನಡೆಯುವುದಿಲ್ಲ. ಮೋಡ ಕಂಡರೆ ಟಾರ್ ರೋಡಿಗೆ ಬಂದುಬಿಡಿ, ಸಿಕ್ಕಿಬಿದ್ದರೆ ಕಡ್ಡಿ ಹಿಡಿದು ಕೆರೆಯುತ್ತ ಮಣ್ಣು ಒಣಗುವವರೆಗೆ ಕಾಯುವುದೇ.

ಪಾಚಿ: ಹೊಸಬರನ್ನು ಬೀಳಿಸುವುದು ಕೆಸರಿಗಿಂತ ಇದೇ ಜಾಸ್ತಿ. ನೆರಳಿನ ಸಿಮೆಂಟ್ ರೋಡು, ಹಳ್ಳದ ಮೇಲಿನ ಕಾಂಕ್ರೀಟ್ ಹಾಸು. ಬ್ರೇಕ್ ಇಲ್ಲ, ತಿರುವಿಲ್ಲ, ಆಕ್ಸಿಲರೇಟರ್ ಏರಿಳಿತವಿಲ್ಲ. ನೇರವಾಗಿ ದಾಟಿ.

ಮರಳು: ಮೈ ಹಿಂದಕ್ಕೆ, ಆಕ್ಸಿಲರೇಟರ್ ಸ್ವಲ್ಪ ಜಾಸ್ತಿ, ಹ್ಯಾಂಡಲ್ ಅಲ್ಲಾಡಲು ಬಿಡಿ. ಹೆದರಿ ಆಕ್ಸಿಲರೇಟರ್ ಬಿಟ್ಟರೆ ಮುಂದಿನ ಚಕ್ರ ಹೂತು ಮಗುಚುತ್ತೀರಿ.

ಹಳ್ಳ: ಮೊದಲು ನಡೆದು ದಾಟಿ. ನಡೆಯಲು ಆಗದ ಸೆಳೆತದಲ್ಲಿ ಬೈಕ್ ಇಳಿಸಲೇಬೇಡಿ. ಮೊಣಕಾಲಿಗಿಂತ ಮೇಲೆ ನೀರಿದ್ದರೂ ಬೇಡ. ಏರ್ ಫಿಲ್ಟರಿಗೆ ಗಾಳಿ ಎಲ್ಲಿಂದ ಹೋಗುತ್ತದೆ ಅಂತ ಮನೆಯಲ್ಲೇ ನೋಡಿಟ್ಟುಕೊಳ್ಳಿ. ನೀರಿನಲ್ಲಿ ಬಿದ್ದು ಎಂಜಿನ್ ನಿಂತರೆ ಸೆಲ್ಫ್ ಒತ್ತಬೇಡಿ. ದಡಕ್ಕೆ ತಳ್ಳಿ, ಪ್ಲಗ್ ಬಿಚ್ಚಿ, ಟಾಪ್ ಗೇರ್ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸಿ. ಸಿಲಿಂಡರಿನೊಳಗೆ ನೀರಿದ್ದರೆ ಪ್ಲಗ್ ತೂತಿನಿಂದ ಚಿಮ್ಮುತ್ತದೆ. ಫಿಲ್ಟರ್ ಒಣಗಿಸಿ. ಎಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ, ಆಯಿಲ್ ಬದಲಿಸುವವರೆಗೆ ಸ್ಟಾರ್ಟ್ ಮಾಡಬೇಡಿ.

9. ಬಿದ್ದಾಗ

ಮೊದಲು ನಿಮ್ಮನ್ನು ನೋಡಿಕೊಳ್ಳಿ, ಆಮೇಲೆ ಕಿಲ್ ಸ್ವಿಚ್. ಬೈಕ್ ಬಲಕ್ಕೆ ಬಿದ್ದಿದ್ದರೆ ಎತ್ತುವ ಮೊದಲೇ ಸೈಡ್ ಸ್ಟ್ಯಾಂಡ್ ಇಳಿಸಿ, ಗೇರಿನಲ್ಲಿಡಿ. ಇಲ್ಲದಿದ್ದರೆ ಎತ್ತಿದ ಜೋರಿಗೆ ಎಡಬದಿಗೆ ಮಗುಚುತ್ತದೆ. ಸೀಟಿಗೆ ಬೆನ್ನು ಕೊಟ್ಟು, ಕುಕ್ಕರಗಾಲಿನಲ್ಲಿ ಕೂತು, ಒಂದು ಕೈ ಹ್ಯಾಂಡಲ್ ಒಂದು ಕೈ ಹಿಂದಿನ ಹಿಡಿ, ಕಾಲಿನ ಬಲದಲ್ಲಿ ಹಿಮ್ಮುಖವಾಗಿ ನಡೆಯುತ್ತ ಎತ್ತಿ. ಸೊಂಟ ಬಗ್ಗಿಸಿ ಎತ್ತಿದರೆ ಪ್ರವಾಸ ಅಲ್ಲಿಗೆ ಮುಗಿಯಿತು.

ಎತ್ತಿದ ಮೇಲೆ ಸ್ಟಾರ್ಟ್ ಆಗದಿದ್ದರೆ ಗಾಬರಿ ಬೇಡ. ಫ್ಯೂಯೆಲ್ ಇಂಜೆಕ್ಷನ್ ಬೈಕ್‌ಗಳು ಬಿದ್ದಾಗ ತಾವೇ ಆಫ್ ಆಗುವಂತೆ ಮಾಡಿರುತ್ತಾರೆ, ಕೀ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಕಿಲ್ ಸ್ವಿಚ್ ಮರೆತಿದ್ದೀರಾ ನೋಡಿ. ಸೈಡ್ ಸ್ಟ್ಯಾಂಡಿನ ಸೆನ್ಸರಿಗೆ ಕೆಸರು ಮೆತ್ತಿ ಸ್ಟ್ಯಾಂಡ್ ಇಳಿದೇ ಇದೆ ಅಂತ ಬೈಕ್ ತಿಳಿದಿರಬಹುದು, ಒಂದು ಬಾಟಲಿ ನೀರಿನಲ್ಲಿ ತೊಳೆಯಿರಿ.

ಒಬ್ಬರೇ ಹೋಗಬೇಡಿ. ಹೋಗುವ ದಾರಿಯನ್ನು ಮನೆಯಲ್ಲಿ ಹೇಳಿ, ಮ್ಯಾಪನ್ನು ಆಫ್‌ಲೈನ್ ಇಳಿಸಿಕೊಳ್ಳಿ. ಆಂಬುಲೆನ್ಸಿಗೆ 108, ತುರ್ತಿಗೆ 112. ನೆಟ್‌ವರ್ಕ್ ಕೊನೆಯದಾಗಿ ಎಲ್ಲಿತ್ತು ಅಂತ ನೆನಪಿಟ್ಟುಕೊಂಡು ಹೋಗುವುದು ಒಳ್ಳೆಯ ಅಭ್ಯಾಸ.

10. ಎಲ್ಲಿ ಹೋಗಬಾರದು

ಮ್ಯಾಪಿನಲ್ಲಿ ಗೆರೆ ಇದೆ ಅಂದ ಮಾತ್ರಕ್ಕೆ ಅದು ನಿಮ್ಮ ದಾರಿಯಲ್ಲ. ಮೀಸಲು ಅರಣ್ಯ, ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ನುಗ್ಗಿದರೆ ಕೇಸಾಗುತ್ತದೆ, ಬೈಕ್ ಜಪ್ತಿಯಾಗಬಹುದು. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ ಇದೆ, ಪ್ರಯಾಣದ ಲೆಕ್ಕ ಹಾಕುವಾಗ ಮರೆಯಬೇಡಿ. ಎಸ್ಟೇಟ್ ದಾರಿಯಲ್ಲಿ ಗೇಟು ಕಂಡರೆ ಇಳಿದು ಕೇಳಿ. ಕೇಳಿದರೆ ಹೆಚ್ಚಿನವರು ಬಿಡುತ್ತಾರೆ, ಕಾಫಿಯೂ ಸಿಗಬಹುದು. ತೆಗೆದ ಗೇಟನ್ನು ಹಾಗೇ ಮುಚ್ಚಿ. ಹುಲ್ಲುಗಾವಲಿನ ಮೇಲೆ, ಗದ್ದೆ ಬದುವಿನ ಮೇಲೆ ಬೈಕ್ ಹತ್ತಿಸಬೇಡಿ. ಒಬ್ಬರು ಮಾಡಿದ ಗಲೀಜಿಗೆ ಮುಂದಿನ ವಾರ ಎಲ್ಲರಿಗೂ ಗೇಟ್ ಬಂದ್.

ಸಕಲೇಶಪುರ, ಆಲೂರು, ಕೊಡಗಿನ ತೋಟದ ದಾರಿಗಳಲ್ಲಿ ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಆನೆ ಇರುತ್ತದೆ. ಸಂಜೆ ಐದಕ್ಕೆ ಟಾರ್ ರೋಡಿನಲ್ಲಿರಿ. ಆ ದಿನ ಆನೆ ಯಾವ ಕಡೆ ಇದೆ ಅಂತ ಟೀ ಅಂಗಡಿಯವರಿಗೆ ಗೊತ್ತಿರುತ್ತದೆ, ಕೇಳಿ.

ಇಂಬಳಕ್ಕೆ ಒಂದು ಬಟ್ಟೆಯ ಗಂಟಿನಲ್ಲಿ ಉಪ್ಪು ಇಟ್ಟುಕೊಳ್ಳಿ, ಅಷ್ಟೇ.

11. ಮನೆಗೆ ಬಂದ ಮೇಲೆ

ಕೆಸರು ಒಣಗುವ ಮೊದಲು ತೊಳೆಯಿರಿ. ಪ್ರೆಶರ್ ವಾಶ್ ಮಾಡಿಸುವುದಾದರೆ ಚಕ್ರದ ಬೇರಿಂಗ್, ಚೈನ್, ಹ್ಯಾಂಡಲ್ ಬುಡಕ್ಕೆ ನೇರ ಹಿಡಿಯಬೇಡಿ ಅಂತ ಪಕ್ಕದಲ್ಲೇ ನಿಂತು ಹೇಳಿ. ಏರ್ ಫಿಲ್ಟರ್ ತೆಗೆದು ನೋಡಿ. ಬೇಸಿಗೆಯ ಧೂಳಿನಲ್ಲಿ ಗುಂಪಿನ ಹಿಂದೆ ಓಡಿಸಿದ್ದರೆ ಎರಡೇ ದಿನಕ್ಕೆ ಕೆಂಪಾಗಿರುತ್ತದೆ. ಚೈನ್ ಒಣಗಿಸಿ ಲೂಬ್ ಹಾಕಿ.

ಆಮೇಲೆ ಒಂದು ಸಣ್ಣ ಸ್ಪ್ಯಾನರ್ ಹಿಡಿದು ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಬಡಿಯುತ್ತ ಹೋಗಿ. ಬಿಗಿ ಇರುವುದು ಟಿಣ್ ಅನ್ನುತ್ತದೆ, ಸಡಿಲಾದದ್ದು ಟಪ್ ಅನ್ನುತ್ತದೆ. ಒಂದೆರಡು ಟಪ್ ಅಂದರೆ ಕಾಲು ಸುತ್ತು ಬಿಗಿ ಮಾಡಿ. ನಾಲ್ಕೈದು ಅಂದರೆ ರಿಮ್ ಅಲೈನ್‌ಮೆಂಟ್ ಮಾಡುವವರ ಹತ್ತಿರ ಒಯ್ಯಿರಿ. ಹೊಸ ಬೈಕಿನಲ್ಲಿ ಮೊದಲ ಪ್ರವಾಸದ ನಂತರ ಇದು ಆಗಿಯೇ ಆಗುತ್ತದೆ. ಜೊತೆಗೆ ಬ್ಯಾಶ್ ಪ್ಲೇಟ್, ರ‍್ಯಾಕ್, ಹ್ಯಾಂಡ್ ಗಾರ್ಡಿನ ಬೋಲ್ಟುಗಳನ್ನೂ ಒಮ್ಮೆ ಮುಟ್ಟಿ ನೋಡಿ, ಅಲ್ಲಾಡಿದ್ದಕ್ಕೆ ಲಾಕ್‌ಟೈಟ್ (ಬೋಲ್ಟ್ ಸಡಿಲಾಗದಂತೆ ಹಿಡಿಯುವ ಅಂಟು) ಹಾಕಿ. ಸೋಮವಾರ ಆಫೀಸಿಗೆ ಹೊರಡುವ ಮೊದಲು ಟೈರಿಗೆ ರೋಡಿನ ಗಾಳಿ ತುಂಬಿಸಿ, ಎಬಿಎಸ್ ವಾಪಸ್ ರೋಡ್ ಮೋಡಿಗೆ ಬಂದಿದೆಯಾ ನೋಡಿ.